ನೀರಲ್ಲಿ ಕರಗದ ಮದ್ದನ್ನು ಎಣ್ಣೆಯಲ್ಲಿ ಕರಗಿಸುವುದು ಹೇಗೆ?

ರಕ್ತದ ಕೊಬ್ಬು ಇಳಿಸಲು ಕೊಡುವ ಫೆನೋಫೈಬ್ರೇಟ್ ನೀರಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಕರಗದ ಮದ್ದು ಕರುಳಿನಿಂದ ರಕ್ತಕ್ಕೆ ಹೋಗುವುದಾದರೂ ಹೇಗೆ? ಊಟದ ಜೊತೆ ನುಂಗಿದರೆ ಜಾಸ್ತಿ ಸೇರುತ್ತದೆ. ಊಟದ ಕೊಬ್ಬು, ಪಿತ್ತರಸ ಎರಡೂ ಅದನ್ನು ಕರಗಿಸಲು ನೆರವಾಗುತ್ತವೆ. ಆ ಕೆಲಸವನ್ನು ಕ್ಯಾಪ್ಸೂಲ್ ಒಳಗೇ ಮುಗಿಸಿಡುವ ವಿಧಾನ ಇದು. ಮನೆಯಲ್ಲಿ ಮಾಡುವಂಥದ್ದಲ್ಲ. ತುಮಕೂರಿನಲ್ಲಿ ಫಾರ್ಮಸಿ ಓದುತ್ತಾ ಪ್ರಾಜೆಕ್ಟ್‌ಗೆ ಇಳಿಯುವ ಮಕ್ಕಳಿಗಾಗಿ ಬರೆಯುತ್ತಿದ್ದೇನೆ.

ಮೊದಲು ಎಣ್ಣೆ. ತಿಪಟೂರಿನ ಕೊಬ್ಬರಿ ಪಕ್ಕದಲ್ಲೇ ಇರುವಾಗ ಅದರ ಎಣ್ಣೆಯನ್ನೇ ಹಾಕಬಾರದೇ? ಧನುರ್ಮಾಸದ ಚಳಿಗೆ ಅದು ಬಾಟಲಿಯಲ್ಲೇ ಗಟ್ಟಿಯಾಗುತ್ತದೆ, ಅಲ್ವಾ? ಹಾಗಾಗಿ ಕೊಬ್ಬರಿ ಎಣ್ಣೆಯಲ್ಲಿರುವ ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಆಮ್ಲಗಳನ್ನು ಬೇರ್ಪಡಿಸಿ ತಯಾರಿಸಿದ ಎಂಸಿಟಿ ಎಣ್ಣೆ ತೆಗೆದುಕೊಳ್ಳಿ. ಚಳಿಗೂ ತೆಳ್ಳಗಿರುತ್ತದೆ, ಬೇಗ ಕಮಟು ಹಿಡಿಯುವುದಿಲ್ಲ.

ಎಣ್ಣೆ, ಎಣ್ಣೆ-ನೀರನ್ನು ಬೆರೆಸುವ ಟ್ವೀನ್ 80, ನೀರಲ್ಲೂ ಬೆರೆಯುವ ದ್ರಾವಕವಾದ ಟ್ರಾನ್ಸ್‌ಕ್ಯುಟಾಲ್ ಒಂದೊಂದಕ್ಕೂ ಬೇರೆ ಬೇರೆ ಸೀಸೆಯಲ್ಲಿ ಕರಗುವುದಕ್ಕಿಂತ ಜಾಸ್ತಿ ಮದ್ದು ಹಾಕಿ, 48 ಗಂಟೆ ಶೇಕರ್‌ನಲ್ಲಿಡಿ. ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿ ಕರಗದ್ದನ್ನು ತಳಕ್ಕಿಳಿಸಿ, ಮೇಲಿನ ತಿಳಿಯಲ್ಲಿರುವ ಮದ್ದನ್ನು ಬೆರಕೆ ಬೇರ್ಪಡಿಸಿ ಅಳೆಯುವ ಯಂತ್ರವಾದ ಎಚ್‌ಪಿಎಲ್‌ಸಿಯಲ್ಲಿ ಅಳೆಯಿರಿ. ಯಾವುದರಲ್ಲಿ ಎಷ್ಟು ಕರಗಿತು ಎಂಬುದು ಸಿಕ್ಕಿತು. ಇನ್ನು ಮೂರನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ತುಸು ಬೆಚ್ಚಗೆ ಮಾಡಿ, ಮದ್ದು ಸೇರಿಸಿ ಕದಡಿ. ಕರಗುವ ಮಿತಿಯ ಅಂಚಿನವರೆಗೂ ತುಂಬಬೇಡಿ.

ಸೀಸೆಯಲ್ಲಿ ತಿಳಿಯಾಗಿ ಕಂಡಿತೆಂದು ಹಿಗ್ಗಬೇಡಿ. ನಿಜವಾದ ಪರೀಕ್ಷೆ ನೀರಿಗೆ ಬಿದ್ದ ಮೇಲೆ. 37 ಡಿಗ್ರಿಯ 250 ಮಿಲಿ ನೀರನ್ನು ಮೆಲ್ಲಗೆ ತಿರುಗಿಸುತ್ತಾ 1 ಮಿಲಿ ಮಿಶ್ರಣ ಬಿಡಿ. ನಿಮಿಷದೊಳಗೆ ಹರಡಿ ನಸುನೀಲಿ ಮಬ್ಬು ಬಂದರೆ ಹನಿಗಳು ತುಂಬಾ ಸಣ್ಣವು. ಹಾಲಿನ ಬಿಳುಪಾದರೆ ದೊಡ್ಡವು. ಮೇಲೆ ಎಣ್ಣೆ ತೇಲಿದರೆ ಮಿಶ್ರಣ ಬದಲಿಸಿ. ಬಹಳ ಮಂದಿ ಇಲ್ಲಿಗೇ ಬೀಕರ್ ತೊಳೆದುಬಿಡುತ್ತಾರೆ. ದಯವಿಟ್ಟು ತೊಳೆಯಬೇಡಿ. ಕೆಲವು ಗಂಟೆ ಬಿಟ್ಟು ತಳದ ಒಂದು ಹನಿಯನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಹರಳು ಕಂಡರೆ ಮದ್ದು ಮತ್ತೆ ಹೊರಬಿದ್ದಿದೆ. ಟ್ರಾನ್ಸ್‌ಕ್ಯುಟಾಲ್ ನೀರಿನ ಪಾಲಾಗುತ್ತದೆ, ಅದನ್ನು ನಂಬಿ ಕರಗಿದ್ದ ಮದ್ದಿಗೆ ಆಸರೆ ತಪ್ಪುತ್ತದೆ. ಟ್ರಾನ್ಸ್‌ಕ್ಯುಟಾಲ್ ಕಡಿಮೆ ಮಾಡಿ ಎಣ್ಣೆ ಹೆಚ್ಚಿಸಿ, ಇಲ್ಲವೇ ಮದ್ದನ್ನೇ ಇಳಿಸಿ. ಎಚ್‌ಪಿಎಂಸಿ ಎಂಬ ಪಾಲಿಮರ್ ಸ್ವಲ್ಪ ಸೇರಿಸಿದರೂ ಹರಳು ಕಟ್ಟುವುದು ತಡವಾಗಬಹುದು.

ಆಮೇಲೆ ಪಿತ್ತಲವಣ, ಪ್ಯಾಂಕ್ರಿಯಾಟಿನ್ (ಮೇದೋಜೀರಕ ಗ್ರಂಥಿಯ ಕಿಣ್ವಗಳು) ಹಾಕಿ ಜೀರ್ಣ ಪರೀಕ್ಷೆ ಮಾಡಿ. ಕರುಳಿನಲ್ಲಿ ಎಣ್ಣೆಯೂ ಅರಗುತ್ತದೆ. ಬರೀ ನೀರಿನಲ್ಲಿ ಗೆದ್ದ ಮಿಶ್ರಣ ಇಲ್ಲಿ ಸೋಲಬಹುದು.

ಇಷ್ಟೆಲ್ಲ ಪಾಡು ಏಕೆಂದರೆ, ಕಸಿ ಮಾಡಿದ ಅಂಗ ಉಳಿಸುವ ಸೈಕ್ಲೋಸ್ಪೋರಿನ್ ನೋಡಿ. ಹಳೆಯ ಎಣ್ಣೆ ರೂಪದಲ್ಲಿ ಒಬ್ಬೊಬ್ಬರ ರಕ್ತಕ್ಕೆ ಒಂದೊಂದು ಥರ ಸೇರುತ್ತಿತ್ತು. 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅದೇ ಮದ್ದಿನ ಹೊಸ ರೂಪ ನಿಯೋರಲ್ ನೀರು ತಾಗಿದೊಡನೆ ಸಣ್ಣ ಹನಿಗಳಾಗುತ್ತದೆ, ಏರುಪೇರು ತುಂಬಾ ತಗ್ಗಿತು.

ಕೊನೆಗೆ ಕ್ಯಾಪ್ಸೂಲ್. ಮಿಶ್ರಣ ಜೆಲಾಟಿನ್ ಚಿಪ್ಪಿನ ತೇವ ಹೀರಿದರೆ ಚಿಪ್ಪು ಬಿರಿಯುತ್ತದೆ. ತುಂಬಿದ ಕೆಲವನ್ನು ವಾರಗಟ್ಟಲೆ ಇಟ್ಟು, ಬೆರಳಲ್ಲಿ ಒತ್ತಿ ನೋಡಿ. ಸೋರುತ್ತಿದ್ದರೆ ನ್ಯೂಸಿಲಿನ್ ಪುಡಿಗೆ ಹೀರಿಸಿ ತುಂಬಿ, ನೀರಿನ ಪರೀಕ್ಷೆಯನ್ನು ಮೊದಲಿನಿಂದ ಮಾಡಿ.