ಸ್ಲೈಡಿಂಗ್ ಮೈಟರ್ ಗರಗಸ ಕೊಳ್ಳುವ ಮುನ್ನ ತೋಳು ಅಲುಗಾಡಿಸಿ ನೋಡಿ

ಮೈಟರ್ ಗರಗಸ, ಅಂದರೆ ಹಲಗೆಯನ್ನು ಬೇಕಾದ ಕೋನಕ್ಕೆ ಅಡ್ಡ ಕೊಯ್ಯುವ ಯಂತ್ರ, ಕೊಳ್ಳಲು ಹೋದವರು ಅಂಗಡಿಯಲ್ಲಿ ಕೇಳುವುದು ಎರಡೇ ಪ್ರಶ್ನೆ. ಬ್ಲೇಡ್ ಎಷ್ಟು ದೊಡ್ಡದು, ಮೋಟಾರ್ ಎಷ್ಟು ವಾಟ್. ಎರಡಕ್ಕೂ ದೊಡ್ಡ ಅಂಕಿ ಸಿಕ್ಕಿದರೆ ಖುಷಿಯಾಗಿ ಹೊತ್ತು ತರುತ್ತಾರೆ. ಆಮೇಲೆ ಚೌಕಟ್ಟಿನ ಮೂಲೆಗಳು ಕೂಡುವುದಿಲ್ಲ, ಸಂದಿಗೆ ಪುಟ್ಟಿ ತುಂಬುತ್ತಾ ಕೂರುತ್ತಾರೆ. ತೊಂದರೆ ಇರುವುದು ಮೋಟಾರಿನಲ್ಲಲ್ಲ, ಹಿಂದೆ ಮುಂದೆ ಜಾರುವ ತೋಳಿನಲ್ಲಿ. ಅದನ್ನು ಕೊಳ್ಳುವಾಗ ಯಾರೂ ಮುಟ್ಟಿಯೂ ನೋಡಿರುವುದಿಲ್ಲ.

ಮೊದಲು ನಿಮಗೆ ಜಾರುವ (ಸ್ಲೈಡಿಂಗ್) ಗರಗಸವೇ ಬೇಕಾ ಅಂತ ಯೋಚಿಸಿ. ನೀವು ಅಡ್ಡ ಕೊಯ್ಯುವ ಅತಿ ಅಗಲದ ಹಲಗೆ ಯಾವುದು, ಟೇಪ್ ಹಿಡಿದು ಅಳೆಯಿರಿ. ಜಾರದ ಸಾದಾ ಗರಗಸದಲ್ಲಿ 254 ಮಿ.ಮೀ. ವ್ಯಾಸದ ಬ್ಲೇಡ್ ಸುಮಾರು 140 ಮಿ.ಮೀ. ಅಗಲ ಕೊಯ್ಯುತ್ತದೆ, 305ರ ಬ್ಲೇಡ್ ಸುಮಾರು 200. ನಿಮ್ಮ ಕೆಲಸ ಅಷ್ಟರಲ್ಲೇ ಮುಗಿಯುವುದಾದರೆ ಸಾದಾ ಗರಗಸ ತೊಗೊಳ್ಳಿ, ಈ ಲೇಖನ ಇಲ್ಲಿಗೇ ಬಿಡಿ. ಜಾರುವ ಭಾಗ ಇಲ್ಲದಿದ್ದರೆ ಸಡಿಲಾಗಲು ಒಂದು ಜಾಗ ಕಡಿಮೆ, ಅಲ್ವಾ? ಕಪಾಟಿನ ಪಕ್ಕದ ಹಲಗೆ, ಮೆಟ್ಟಿಲಿನ ಹಲಗೆ, ಶೆಲ್ಫ್ ಇಂಥವನ್ನೆಲ್ಲ ಕೊಯ್ಯುವವರಿಗೆ ಮಾತ್ರ 300 ಮಿ.ಮೀ. ಆಸುಪಾಸು ಕೊಯ್ಯುವ ಸ್ಲೈಡಿಂಗ್ ಬೇಕು.

ಬ್ಲೇಡಿನ ಅಳತೆ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, 254 ತೊಗೊಳ್ಳಿ. 305ರ ಬ್ಲೇಡ್ ದುಬಾರಿ, ಹಲ್ಲು ಹರಿತ ಮಾಡಿಸುವುದೂ ದುಬಾರಿ, ತೆಳ್ಳಗಿನದಾದರೆ ಕೊಯ್ಯುವಾಗ ಬಾಗುತ್ತದೆ ಕೂಡ. ದಪ್ಪ ತೊಲೆಗಳನ್ನು ದಿನವೂ ತುಂಡು ಮಾಡುವವರ ಮಾತು ಬೇರೆ. ಬರೀ ತೆಳು ಹಲಗೆ, ಅಂಚುಪಟ್ಟಿ ಕೆಲಸಕ್ಕೆ 216ರದ್ದೂ ಧಾರಾಳ ಸಾಕು.

ಜಾಗ ನೋಡಿ. ಹಳೆ ವಿನ್ಯಾಸದಲ್ಲಿ ತೋಳು ಜಾರುವ ರಾಡುಗಳು ಗರಗಸದ ಹಿಂದಕ್ಕೆ ಚಾಚುತ್ತವೆ, ಮುಂದಿನ ಹಿಡಿಯಿಂದ ಹಿಂದಿನ ತುದಿವರೆಗೆ ಒಂದು ಮೀಟರ್ ಹತ್ತಿರ ಬೇಕಾಗಬಹುದು. ಗೋಡೆಗೆ ಒತ್ತಿಕೊಂಡೇ ಇಡಬೇಕು ಅಂದರೆ ಬಾಷ್‌ನ ಮಡಚುವ ತೋಳಿನ ಮಾದರಿ, ಇಲ್ಲವೇ ರಾಡು ಹಿಂದೆ ಚಾಚದ ಮಕಿಟಾ, ಫೆಸ್ಟೂಲ್ ಮಾದರಿಗಳಿವೆ.

ಇನ್ನು ಅಸಲಿ ಪರೀಕ್ಷೆ. ಇದಕ್ಕೆ ಅಂಗಡಿಯಲ್ಲಿ ಅರ್ಧ ಗಂಟೆ ಕೇಳಿ ಪಡೆಯಿರಿ. ಡಬ್ಬಿ ಬಿಚ್ಚಲು ಒಪ್ಪದ ಅಂಗಡಿಯಾದರೆ ಬೇರೆ ಅಂಗಡಿ ನೋಡಿ. ಜೊತೆಗೆ ಒಂದು ಒಳ್ಳೆ ಮೂಲೆಮಟ್ಟ, ನೇರವಾದ ಸ್ಟೀಲ್ ಪಟ್ಟಿ, ಒಂದು ಮಾರ್ಕರ್ ಒಯ್ಯಿರಿ.

ವೈರು ಪ್ಲಗ್ಗಿನಿಂದ ತೆಗೆದಿದೆಯೇ ನೋಡಿಕೊಳ್ಳಿ. ಕೋನವನ್ನು ಸೊನ್ನೆಗೆ ಬಿಗಿ ಮಾಡಿ, ತಲೆಯನ್ನು (ಮೋಟಾರ್, ಬ್ಲೇಡ್ ಇರುವ ಭಾಗ) ಪೂರ್ತಿ ಮುಂದಕ್ಕೆ ಎಳೆದು ಕೆಳಗಿಳಿಸಿ. ಆ ಸ್ಥಿತಿಯಲ್ಲಿ ಹಿಡಿಯನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ದೂಡಿ. ಜೋರು ಮಾಡಿದರೆ ಯಾವ ಗರಗಸವಾದರೂ ಬಾಗುತ್ತದೆ, ಅದು ಲೆಕ್ಕಕ್ಕಿಲ್ಲ. ಎರಡು ಬೆರಳಿನ ಒತ್ತಡಕ್ಕೇ ‘ಟಕ್ ಟಕ್’ ಅಂತ ಆಡಿದರೆ ಬೇರಿಂಗ್ ಸಡಿಲ ಅಂತ ಅರ್ಥ, ಬಿಟ್ಟುಬಿಡಿ. ‘ಸ್ಕ್ರೂ ಬಿಗಿ ಮಾಡಿದರೆ ಸರಿಹೋಗುತ್ತೆ ಸಾರ್’ ಅಂತಾರೆ. ಹಾಗಾದರೆ ಈಗಲೇ ಬಿಗಿ ಮಾಡಿಸಿ, ಆಮೇಲೆ ತಲೆ ಸಲೀಸಾಗಿ ಜಾರುತ್ತದಾ ನೋಡಿ. ಸಾಮಾನ್ಯವಾಗಿ ಒಂದು ಸರಿಯಾದರೆ ಇನ್ನೊಂದು ಕೆಡುತ್ತದೆ.

ಮುಂದೆ, ಬ್ಲೇಡಿನ ಒಂದು ಹಲ್ಲಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿ. ಮೂಲೆಮಟ್ಟದ ಒಂದು ಬದಿಯನ್ನು ಫೆನ್ಸಿಗೆ (ಹಲಗೆ ಒರಗಿಸುವ ಹಿಂದಿನ ಪಟ್ಟಿ) ಒತ್ತಿ, ಇನ್ನೊಂದು ಬದಿ ಆ ಹಲ್ಲಿನ ಪಕ್ಕ ಬರುವಂತೆ ಇಡಿ. ಬ್ಲೇಡ್ ತಿರುಗದಂತೆ ತಲೆಯನ್ನು ನಿಧಾನವಾಗಿ ಹಿಂದಕ್ಕೆ ತಳ್ಳಿ. ಹಲ್ಲಿಗೂ ಮಟ್ಟಕ್ಕೂ ನಡುವಿನ ಸಂದಿ ಕೊನೆವರೆಗೂ ಒಂದೇ ಸಮ ಇರಬೇಕು. ಒಂದೇ ದಿಕ್ಕಿಗೆ ಹಿಗ್ಗುತ್ತಾ ಹೋದರೆ ಗಾಬರಿ ಬೇಡ, ಫೆನ್ಸಿನ ಬೋಲ್ಟ್ ಸಡಿಲಿಸಿ ಸರಿಮಾಡಬಹುದು. ಆದರೆ ಸಂದಿ ಹಿಗ್ಗಿ ಮತ್ತೆ ಕುಗ್ಗಿದರೆ ರಾಡೇ ಸೊಟ್ಟ, ಅದಕ್ಕೆ ಮದ್ದಿಲ್ಲ. ಜನ ಈ ಎರಡು ದೋಷಗಳನ್ನು ಒಂದೇ ಅಂದುಕೊಂಡು ಒಳ್ಳೆ ಗರಗಸ ಬಿಟ್ಟು ಕೆಟ್ಟದ್ದನ್ನು ತರುತ್ತಾರೆ. ಹಾಗೇ ಸ್ಟೀಲ್ ಪಟ್ಟಿಯನ್ನು ಫೆನ್ಸಿನ ಎಡ ಬಲ ಎರಡೂ ಭಾಗಕ್ಕೆ ಅಡ್ಡ ಹಿಡಿಯಿರಿ. ಎರಡೂ ಒಂದೇ ಗೆರೆಯಲ್ಲಿ ಇರಬೇಕು.

ಕೊನೆಗೆ ಕೊಯ್ದು ನೋಡಿ. ಎರಡೂ ಅಂಚು ಸಮಾನಾಂತರ ಇರುವ, ಸುಮಾರು 25 ಸೆಂ.ಮೀ. ಅಗಲದ ಪ್ಲೈವುಡ್ ಪಟ್ಟಿ ತೊಗೊಂಡು ಅಡ್ಡ ಕೊಯ್ಯಿರಿ. ಒಂದು ತುಂಡನ್ನು ಉದ್ದ ಅಂಚಿನ ಮೇಲೆ ಮಗುಚಿ, ಅಂದರೆ ಮೇಲ್ಮೈ ಕೆಳಗಾಗಿ ಇನ್ನೊಂದು ಅಂಚು ಫೆನ್ಸಿಗೆ ಬರುವಂತೆ ಮಾಡಿ, ಎರಡೂ ತುಂಡನ್ನು ಕೂಡಿಸಿ. ಈಗ ಕಾಣುವ ಸಂದಿ ನಿಜವಾದ ತಪ್ಪಿನ ಎರಡರಷ್ಟು ಇರುತ್ತದೆ, ಹಾಗಾಗಿ ಕಣ್ಣಿಗೆ ಸುಲಭವಾಗಿ ಸಿಗುತ್ತದೆ. ಮೇಲಿನಿಂದ ನೋಡಿದರೆ ಕೋನದ ತಪ್ಪು, ಪಕ್ಕದಿಂದ ನೋಡಿದರೆ ಬ್ಲೇಡ್ ವಾಲಿದ ತಪ್ಪು.

ಅಂದಹಾಗೆ, ತೋರಿಸುವವರು ತಿರುಗುವ ಬ್ಲೇಡನ್ನು ತಮ್ಮ ಕಡೆಗೆ ಎಳೆಯುತ್ತಾ ಕೊಯ್ದರೆ ಅವರ ಮಾತು ಯಾವುದನ್ನೂ ನಂಬಬೇಡಿ. ಹಾಗೆ ಎಳೆದರೆ ಬ್ಲೇಡ್ ಮರದ ಮೇಲೆ ಹತ್ತಿ ಮೈಮೇಲೆ ಬರಬಹುದು. ಮೊದಲು ಎಳೆದುಕೊಳ್ಳಬೇಕು, ಸ್ವಿಚ್ ಒತ್ತಬೇಕು, ಕೆಳಗಿಳಿಸಬೇಕು, ಆಮೇಲೆ ಹಿಂದಕ್ಕೆ ತಳ್ಳುತ್ತಾ ಕೊಯ್ಯಬೇಕು.

ಲೇಸರ್ ಇದೆ ಅಂತ ದುಡ್ಡು ಜಾಸ್ತಿ ಕೊಡಬೇಡಿ. ಸ್ವಲ್ಪ ದಿನಕ್ಕೆ ಗೆರೆ ಸರಿದುಹೋಗುತ್ತದೆ. ಬ್ಲೇಡಿನ ನೆರಳನ್ನೇ ಹಲಗೆ ಮೇಲೆ ಬೀಳಿಸುವ ಎಲ್ಇಡಿ ದೀಪ ಎಷ್ಟೋ ವಾಸಿ, ಅದನ್ನು ಸರಿಮಾಡುವ ಗೋಜೇ ಇಲ್ಲ. ಎರಡೂ ಕಡೆ ವಾಲುವ ತಲೆ ಬೇಕಾಗುವುದು ಅಲಂಕಾರದ ಪಟ್ಟಿ ಕೆಲಸ ಜಾಸ್ತಿ ಇರುವವರಿಗೆ. ಉಳಿದವರು ಹಲಗೆ ಮಗುಚಿದರೆ ಆಯಿತು. ಹೊಟ್ಟು ಹಿಡಿಯುವ ಚೀಲ ಯಾವ ಗರಗಸದಲ್ಲೂ ಸುಮ್ನೆ ಹೆಸರಿಗೆ, ಅದರ ಕೊಳವೆಗೆ ವ್ಯಾಕ್ಯೂಮ್ ಕೂರುತ್ತದಾ ನೋಡಿ. ಮಾಸ್ಕ್ ಅಂತೂ ಬೇಕೇ ಬೇಕು.

ಜೊತೆಗೆ ಬರುವ ಬ್ಲೇಡ್ ಸಾಮಾನ್ಯವಾಗಿ ಒರಟು ಕೆಲಸದ್ದು. ಗರಗಸದ ದುಡ್ಡಲ್ಲೇ ಒಂದು ಒಳ್ಳೆ ಬ್ಲೇಡಿಗೂ ಎತ್ತಿಡಿ. 254ಕ್ಕೆ 60ರಿಂದ 80 ಹಲ್ಲು, ಹಲ್ಲು ಮುಂದಕ್ಕೆ ವಾಲಿದ ಕೋನ ಸೊನ್ನೆ ಅಥವಾ ಮೈನಸ್ 5 ಡಿಗ್ರಿ, ಅಂದರೆ ತುಸು ಹಿಂದಕ್ಕೆ ವಾಲಿದ್ದು. ಮರವನ್ನು ಉದ್ದಕ್ಕೆ ಸೀಳುವ, 20 ಡಿಗ್ರಿ ಮುಂದಕ್ಕೆ ವಾಲಿದ ಹಲ್ಲಿನ ಬ್ಲೇಡ್ ಮನೆಯಲ್ಲಿ ಬಿದ್ದಿದೆ ಅಂತ ಇದಕ್ಕೆ ಹಾಕಬೇಡಿ, ಅದು ಹಲಗೆಯನ್ನು ಕಚ್ಚಿ ಎಳೆಯುತ್ತದೆ. ನಡುವಿನ ತೂತಿನ ಅಳತೆ, ಬ್ಲೇಡ್ ಮೇಲೆ ಬರೆದಿರುವ ಗರಿಷ್ಠ ವೇಗ ಎರಡನ್ನೂ ಗರಗಸದ ಜೊತೆ ಹೋಲಿಸಿ. ಬ್ಲೇಡಿನ ಮಿತಿ ಗರಗಸದ ವೇಗಕ್ಕಿಂತ ಕಡಿಮೆ ಇರಲೇಬಾರದು.

ಮನೆಗೆ ಒಯ್ಯುವಾಗ ತಲೆಯನ್ನು ಕೆಳಗಿಳಿಸಿ ಪಿನ್ ಹಾಕಿ, ರಾಡಿನ ಲಾಕ್ ಬಿಗಿ ಮಾಡಿ, ಬುಡ ಅಥವಾ ಎತ್ತಲೆಂದೇ ಕೊಟ್ಟ ಹಿಡಿ ಹಿಡಿದು ಎತ್ತಿ. ರಾಡು ಹಿಡಿದು ಎತ್ತಬೇಡಿ. ಬೆಂಚಿಗೆ ಬೋಲ್ಟ್ ಹಾಕಿದ ಮೇಲೆ ಆ ಪ್ಲೈವುಡ್ ತುಂಡಿನ ಪರೀಕ್ಷೆ ಇನ್ನೊಮ್ಮೆ ಮಾಡಿ. ದಾರಿಯ ಕುಲುಕಾಟಕ್ಕೆ ಫೆನ್ಸ್ ಸರಿದಿರಬಹುದು.