ಬೆಳ್ಳಂದೂರು ಕೆರೆಗೊಂದು ರೇಸ್ ವಿಮಾನ

ಬೆಳ್ಳಂದೂರು ಕೆರೆಯಲ್ಲಿ ವಿಮಾನ ಇಳಿಯುತ್ತಿತ್ತು ಅಂದರೆ ಈಗ ಯಾರೂ ನಂಬಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಕ್ಯಾಟಲೀನಾ ವಿಮಾನಗಳು ಎಚ್‌ಎಎಲ್‌ಗೆ ರಿಪೇರಿಗೆ ಬರುತ್ತಿದ್ದವು. ನೀರಿನ ಮೇಲೆ ಇಳಿಯುವ ಜಾತಿ ಅವು. ಕೆರೆಯೇ ರನ್‌ವೇ. ಔಟರ್ ರಿಂಗ್ ರೋಡ್‌ನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡಿದ್ದ ಒಂದು ಸಂಜೆ ಇದು ನೆನಪಾಯಿತು. ಜೊತೆಗೆ ಅಟ್ಟದ ಮೇಲೆ ಎಂಟು ವರ್ಷದಿಂದ ಧೂಳು ತಿನ್ನುತ್ತಿದ್ದ ಒಂದು ಪ್ಲಾಸ್ಟಿಕ್ ಮಾಡೆಲ್ ವಿಮಾನದ ಕಿಟ್ಟೂ ನೆನಪಾಯಿತು. ಸೂಪರ್‌ಮರೀನ್ ಎಸ್.6ಬಿ, 1/48 ಅಳತೆ, ಅಂದರೆ ಅಸಲಿಯ ನಲವತ್ತೆಂಟನೇ ಒಂದು ಪಾಲು.

ಈ ಎಸ್.6ಬಿ ಯಾವುದು ಅಂತ ಎರಡು ಮಾತು. ಜಾಕ್ ಶ್ನೈಡರ್ ಅನ್ನುವ ಫ್ರೆಂಚ್ ಸಾಹುಕಾರ ನೀರ್ವಿಮಾನಗಳಿಗೆ ಅಂತ ಒಂದು ಟ್ರೋಫಿ ಇಟ್ಟ. ಮೊದಲ ರೇಸ್ 1913ರಲ್ಲಿ ಮೊನಾಕೊದಲ್ಲಿ. ಐದು ವರ್ಷದೊಳಗೆ ಮೂರು ಸಲ ಗೆದ್ದವರಿಗೆ ಟ್ರೋಫಿ ಖಾಯಂ. ಬ್ರಿಟನ್ 1927, 1929, 1931ರಲ್ಲಿ ಗೆದ್ದು ಅದನ್ನು ಮನೆಗೆ ಒಯ್ದಿತು. ಕೊನೆಯ ಸಲ ಎದುರಾಳಿಗಳೇ ಬರಲಿಲ್ಲ. ಬ್ರಿಟನ್ನಿನ ಪೈಲಟ್ ಬೂತ್‌ಮನ್ ಒಬ್ಬನೇ ಎಸ್.6ಬಿಯಲ್ಲಿ ಗಂಟೆಗೆ 547 ಕಿ.ಮೀ. ವೇಗದಲ್ಲಿ ಸುತ್ತು ಹೊಡೆದ. ಅದೇ ತಿಂಗಳು ಇನ್ನೊಬ್ಬ ಪೈಲಟ್ ಸ್ಟೇನ್‌ಫೋರ್ತ್ ಎಸ್.6ಬಿಯಲ್ಲೇ 655 ಮುಟ್ಟಿದ. ಇದರ ಡಿಸೈನರ್ ಆರ್.ಜೆ. ಮಿಚೆಲ್. ಮುಂದೆ ಎರಡನೇ ಮಹಾಯುದ್ಧದಲ್ಲಿ ಹೆಸರು ಮಾಡಿದ ಸ್ಪಿಟ್‌ಫೈರ್ ಯುದ್ಧವಿಮಾನ ಮಾಡಿದ್ದೂ ಇವನೇ.

ಮಾಡೆಲ್ ಮಾಡುವವರಲ್ಲಿ 'ವಾಟ್ ಇಫ್' ಅಂತ ಒಂದು ಹುಚ್ಚಿದೆ. ಇಲ್ಲದ ವಿಮಾನ ಮಾಡುವುದು. ನನ್ನ ಕಥೆ ಹೀಗೆ: ರೇಸ್ 1931ಕ್ಕೆ ನಿಲ್ಲಲಿಲ್ಲ. 1934ರ ರೇಸ್ ಬೆಂಗಳೂರಿಗೆ ಬಂತು. ಬೆಳ್ಳಂದೂರು ಕೆರೆಯಿಂದ ಮೈಸೂರು ಸಂಸ್ಥಾನದ ಒಂದು ಎಸ್.6ಬಿ ಹಾರಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ಇಲ್ಲಿ ಲೆಕ್ಕ ಉಲ್ಟಾ. ಒಂದೇ ಸುಳ್ಳು. ಅದೊಂದನ್ನು ಒಪ್ಪಿಕೊಂಡ ಮೇಲೆ ಮಿಕ್ಕಿದ್ದಕ್ಕೆಲ್ಲ ಕಾರಣ ಇರಬೇಕು. ಸುಮ್ನೆ ಬಣ್ಣ ಬದಲಿಸಿ ಸ್ಟಿಕರ್ ಅಂಟಿಸಿದರೆ ಅದು ವೇಷ, ವಿಮಾನ ಅಲ್ಲ.

ಮೊದಲ ಕಾರಣ ನಮ್ಮ ಊರಿನ ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ. ಗಾಳಿ ಶೇ 8-9ರಷ್ಟು ತೆಳು. ತೆಳುಗಾಳಿಯಲ್ಲಿ ಮೇಲೇಳಲು ಹೆಚ್ಚು ದೂರ ಓಡಬೇಕು. ಸಮುದ್ರದ ಮೇಲೆ ಎಷ್ಟು ಬೇಕಾದರೂ ಓಡಿ ಮೇಲೇಳಬಹುದು, ಕೆರೆಗೆ ಏರಿ ಇದೆ! ಹಾಗಾಗಿ ರೆಕ್ಕೆ ದೊಡ್ಡದಾಗಬೇಕು. ಅಸಲಿ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 9.14 ಮೀಟರ್. ನನ್ನ ಅಳತೆಯಲ್ಲಿ 19 ಸೆಂಟಿಮೀಟರ್. ಎರಡೂ ಕಡೆ 8 ಮಿ.ಮೀ. ಸೇರಿಸಿದರೆ ಗಾಳಿಯ ಲೆಕ್ಕ ಸರಿಹೋಗುತ್ತದೆ.

ಹೇಳುವುದು ಸುಲಭ. ರೆಕ್ಕೆಯ ತುದಿ ಕತ್ತರಿಸಿ, ನಡುವೆ ಪ್ಲಾಸ್ಟಿಕ್ ಶೀಟ್‌ನ ಪದರ ಅಂಟಿಸಿ, ಪುಟ್ಟಿ ಹಚ್ಚಿ, 400ರ ಎಮರಿ ಪೇಪರ್‌ನಲ್ಲಿ ತಿಕ್ಕಿದೆ. ಆಮೇಲೆ 800. ಪ್ರೈಮರ್ ಹೊಡೆದು ಮೂಗಿನ ಕಡೆಯಿಂದ ನೋಡುತ್ತೇನೆ, ಎಡಗಡೆ ತುದಿ ಸ್ವಲ್ಪ ತಿರುಚಿಕೊಂಡಿದೆ. ಮಗಳು ನೋಡಿ "ಅಪ್ಪಾ, ಒಂದು ಕಿವಿ ಎತ್ತಿದ ನಾಯಿ ಥರ ಇದೆ" ಅಂದಳು. ಎರಡು ದಿನ ಅದನ್ನು ನೋಡದೆ ಇರಲು ಪ್ರಯತ್ನಿಸಿದೆ. ಆಗಲಿಲ್ಲ. ಮತ್ತೆ ಗರಗಸ ತಗೊಂಡೆ. ಈ ಸಲ ಅಂಟು ಒಣಗುವವರೆಗೂ ಎರಡೂ ರೆಕ್ಕೆಗಳನ್ನು ಗಾಜಿನ ತುಂಡಿನ ಮೇಲೆ ಒತ್ತಿ ಇಟ್ಟೆ. ಮೊದಲೇ ಹೀಗೆ ಮಾಡಿದ್ದರೆ ಹದಿನೈದು ದಿನ ಉಳಿಯುತ್ತಿತ್ತು.

ಎರಡನೇ ಕಾರಣ ಬಿಸಿ. ರೋಲ್ಸ್ ರಾಯ್ಸ್ ಆರ್ ಎಂಜಿನ್ನು 37 ಲೀಟರ್‌ನದು, ಶಕ್ತಿ 2,350 ಅಶ್ವಶಕ್ತಿ. ರೇಡಿಯೇಟರ್ ಹೊರಗಿಟ್ಟರೆ ಗಾಳಿಗೆ ಅಡ್ಡ. ಅದಕ್ಕೇ ಮಿಚೆಲ್ ರೆಕ್ಕೆಯ ಚರ್ಮವನ್ನೇ ರೇಡಿಯೇಟರ್ ಮಾಡಿದ್ದ. ಫ್ಲೋಟ್‌ಗಳ (ಚಕ್ರದ ಬದಲು ಇರುವ ದೋಣಿಯಂಥ ತೇಲುಗಾಲು) ಮೇಲೂ ರೇಡಿಯೇಟರ್. ಹೊಟ್ಟೆಯ ಪಕ್ಕದಲ್ಲಿ ಆಯಿಲ್ ಕೂಲರ್, ಬಾಲದ ಫಿನ್ನೇ ಆಯಿಲ್ ಟ್ಯಾಂಕ್. ಅಷ್ಟಾದರೂ ಪೈಲಟ್ ಟೆಂಪರೇಚರ್ ಮುಳ್ಳು ನೋಡಿಕೊಂಡೇ ವೇಗ ಹಿಡಿಯಬೇಕಿತ್ತು. ನಮ್ಮ ತೆಳುಗಾಳಿಯಲ್ಲಿ ಇದು ಸಾಲದು ಅಂತ ಫ್ಲೋಟ್‌ನ ಎರಡೂ ಪಕ್ಕಕ್ಕೆ ಹಿತ್ತಾಳೆಯ ರೇಡಿಯೇಟರ್ ಇಳಿಸಿದೆ. ಅಮೆರಿಕದ ಕರ್ಟಿಸ್ ರೇಸ್ ವಿಮಾನಗಳಲ್ಲಿ ಹೀಗೆ ಸುಕ್ಕುಸುಕ್ಕಾದ ಹಿತ್ತಾಳೆ ಇರುತ್ತಿತ್ತು.

ಆ ಸುಕ್ಕು ಹೇಗೆ ತರುವುದು? ಚಾಕುವಿನಲ್ಲಿ ಗೆರೆ ಕೊರೆದು ನೋಡಿದೆ, ಡೊಂಕಾಯಿತು. ಕೊನೆಗೆ ಕೈಹಿಡಿದದ್ದು ಹೇನು ತೆಗೆಯುವ ಸೀರಣಿಗೆ. ಅದರ ಹಲ್ಲುಗಳ ಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಹರಡಿ ಬೆರಳಲ್ಲಿ ಉಜ್ಜಿದರೆ ಸಾಲುಸಾಲು ಏಣು ಮೂಡುತ್ತದೆ. ಕತ್ತರಿಸಿ ಅಂಟಿಸಿ ಹಿತ್ತಾಳೆ ಬಣ್ಣ ಕೊಟ್ಟೆ. ಅಳತೆಗೆ ಸ್ವಲ್ಪ ದಪ್ಪವೇ, ಒಪ್ಪುತ್ತೇನೆ. ಆದರೆ ಅಜ್ಜಿಯ ತಪ್ಪಲೆಯ ಹೊಳಪು ಬಂದಿದೆ. (ಆ ಕಾಲದ ರೇಸ್ ಎಂಜಿನ್‌ಗಳಿಗೆ ಹರಳೆಣ್ಣೆ ಹಾಕುತ್ತಿದ್ದರು. ಅದಕ್ಕೆ ಮಾತ್ರ ನಮ್ಮಲ್ಲಿ ಬರ ಇರುತ್ತಿರಲಿಲ್ಲ.)

ಬಣ್ಣ ಹೊಡೆಯುವ ಹೊತ್ತಿಗೆ ಜುಲೈ. ಮಳೆಗಾಲದಲ್ಲಿ ಲ್ಯಾಕರ್ ಹೊಡೆದರೆ ಗಾಳಿಯ ತೇವ ಸೇರಿ ಮೇಲೆ ಬೂದಿ ಬಳಿದ ಹಾಗೆ ಆಗುತ್ತದೆ. ಒಂದು ಸಲ ಆಯಿತು ಕೂಡ. ಆಮೇಲೆ ಬಿಸಿಲು ಬಿದ್ದ ದಿನ ಮಾತ್ರ ಏರ್‌ಬ್ರಷ್ (ಬಣ್ಣ ಸಿಂಪಡಿಸುವ ಪೆನ್ನು) ಮುಟ್ಟಿದೆ. ಅರಿಶಿನ-ಕುಂಕುಮದ ಬಣ್ಣ ಹಾಕು ಅಂತ ಗೆಳೆಯರ ಒತ್ತಾಯ. ಆದರೆ ಆ ಬಾವುಟ ಬಂದಿದ್ದು 1960ರ ದಶಕದಲ್ಲಿ, ನನ್ನ ವಿಮಾನ 1934ರದು. ಬರೀ ಕೆಂಪು ಅಂದರೆ ಅದೇ ರೇಸ್‌ನ ಎದುರಾಳಿ, ಇಟಲಿಯ ಕೆಂಪು ಮಾಕಿ ವಿಮಾನ ಆಗಿಬಿಡುತ್ತದೆ. ಹಾಗಾಗಿ ಹೆಂಡತಿಯ ಮೈಸೂರು ರೇಷ್ಮೆ ಸೀರೆಯ ಮೆರೂನ್ ಪಕ್ಕದಲ್ಲಿಟ್ಟುಕೊಂಡು ಬಣ್ಣ ಬೆರೆಸಿದೆ. ಸೀರೆಯಿಂದ ನಾಲ್ಕಡಿ ದೂರ, ಅದು ಷರತ್ತು. ರೆಕ್ಕೆ ಮತ್ತು ಬಾಲ ಬೆಳ್ಳಿ.

ವಿಮಾನದ ಮೇಲೆ ಗಂಡಭೇರುಂಡ ಬೇಕೇ ಬೇಕಿತ್ತು. ಚಿನ್ನದ ಬಣ್ಣದಲ್ಲಿ ಡೆಕಾಲ್ (ನೀರಲ್ಲಿ ನೆನೆಸಿ ಅಂಟಿಸುವ ಚಿತ್ರ) ಪ್ರಿಂಟ್ ಮಾಡಿಸಿ ಮೆರೂನ್ ಮೇಲೆ ಇಟ್ಟು ನೋಡಿದರೆ ಹಕ್ಕಿ ಮಾಯ. ಸಾಮಾನ್ಯ ಪ್ರಿಂಟರ್‌ಗೆ ಬಿಳಿ ಇಂಕು ಇರಲ್ಲ, ಮಿಕ್ಕ ಬಣ್ಣಗಳು ಅರೆಪಾರದರ್ಶಕ. ಬಾಲದ ಬೆಳ್ಳಿಯ ಮೇಲೆ ಕಪ್ಪು ಗೆರೆಯಲ್ಲಿ ಹಾಕಿದಾಗ ಎರಡು ತಲೆಗಳೂ ಕಂಡವು.

ಕೊನೆಯದು ತಂತಿ ಕಟ್ಟುವುದು. ಈ ವಿಮಾನದ ರೆಕ್ಕೆ ನಿಂತಿರುವುದೇ ಫ್ಲೋಟ್‌ಗೆ ಬಿಗಿದ ತಂತಿಗಳಿಂದ. ಕಿಟ್‌ನ ಚೌಕಟ್ಟಿನ ಪ್ಲಾಸ್ಟಿಕ್ ಕಡ್ಡಿಯನ್ನು ದೀಪದ ಮೇಲೆ ಕಾಯಿಸಿ ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ಅಂಟಿಸಿದ ಮೇಲೆ ಸಡಿಲ ಇದ್ದರೆ ಉರಿಯುವ ಊದುಬತ್ತಿ ಹತ್ತಿರ ತರಬೇಕು, ಎಳೆ ತಾನಾಗಿ ಬಿಗಿಯುತ್ತದೆ. ಜಾಸ್ತಿ ಹತ್ತಿರ ತಂದರೆ ಪಟ್ ಅಂತ ಕಡಿಯುತ್ತದೆ. ನಾನು ಮೂರು ಕಡಿದೆ. ಮನೆ ಮಾತ್ರ ದೇವಸ್ಥಾನದ ಹಾಗೆ ಘಮ್ಮಂತಿತ್ತು.

ವಿಮಾನ ಆಗಷ್ಟೇ ಓಟ ಕಿತ್ತ ಹಾಗೆ ಕೆರೆಯ ಬೇಸ್ ಮೇಲೆ ಕೂರಿಸಿದ್ದೇನೆ. ಟಿಶ್ಯೂ ಪೇಪರ್ ಮತ್ತು ಫೆವಿಕಾಲ್‌ನ ನೀರು, ಮೇಲೆ ಹೊಳೆಯುವ ವಾರ್ನಿಷ್. ತಿಳಿ ಹಸಿರು, ಏರಿಯ ಮೇಲೆ ಎರಡು ಹುಣಸೆಮರ. ಫ್ಲೋಟ್‌ಗಳ ಹಿಂದೆ ನೀರು ಚಿಮ್ಮುವುದನ್ನು ಹತ್ತಿಯಲ್ಲಿ ಮಾಡಿದೆ. ಈ ಹತ್ತಿಗೇ ಎರಡು ಭಾನುವಾರ ಹೋಯಿತು. ಮೊನ್ನೆ ಪಕ್ಕದ ಮನೆಯವರು ಬಂದರು. ರೆಕ್ಕೆ ನೋಡಲಿಲ್ಲ, ಗಂಡಭೇರುಂಡ ನೋಡಲಿಲ್ಲ. ಬೆಳ್ಳಂದೂರು ಕೆರೆ ಅಂದ ತಕ್ಷಣ ಹತ್ತಿಯ ಕಡೆ ಕೈ ತೋರಿಸಿ, "ನೊರೆ ಚೆನ್ನಾಗಿ ಬಂದಿದೆ ಸಾರ್" ಅಂದರು.