ಅಟ್ಟದಲ್ಲಿ ಮರಬೆಕ್ಕು ಸೇರಿಕೊಂಡರೆ

ರಾತ್ರಿ ಹೆಂಚಿನ ಕೆಳಗೆ ಧಡಧಡ ಸದ್ದು ಕೇಳಿದರೆ ಹೆಗ್ಗಣವೆಂದು ವಿಷ ಇಡಬೇಡಿ. ನಮ್ಮ ಅಟ್ಟದಲ್ಲಿದ್ದದ್ದು ಮರಬೆಕ್ಕು. ಹಣ್ಣಿನ ಬೀಜಗಳು ಇಡಿಯಾಗಿ ಉಳಿದಿದ್ದ ಹಿಕ್ಕೆ ಕಂಡಾಗ ಗೊತ್ತಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದನ್ನು ಹಿಡಿಯುವಂತಿಲ್ಲ, ಕೊಲ್ಲುವಂತಿಲ್ಲ. ದಾರಿ ಮುಚ್ಚುವುದೇ ಸರಿಯಾದ ಉಪಾಯ.

ಗೋಡೆಗೂ ಸೂರಿಗೂ ನಡುವಿನ ಸಂದಿಯಲ್ಲಿ ಸಂಜೆ ಸ್ವಲ್ಪ ಅಕ್ಕಿ ಹಿಟ್ಟು ಉದುರಿಸಿ. ಕತ್ತಲಾದ ಮೇಲೆ ಹೆಜ್ಜೆ ಗುರುತು ಹೊರಮುಖವಾಗಿದ್ದರೆ ಪ್ರಾಣಿ ಆಹಾರಕ್ಕೆ ಹೊರಟಿದೆ ಎಂದರ್ಥ. ಆಗ ಗಟ್ಟಿ ತಂತಿ ಜಾಲರಿ ಹೊಡೆಯಿರಿ. ಅದಕ್ಕೂ ಮೊದಲು ಟಾರ್ಚ್ ಹಿಡಿದು ಮರಿಗಳಿವೆಯೇ ಎಂದು ಮೂಲೆಮೂಲೆ ನೋಡಿ. ಇದ್ದರೆ ದಯವಿಟ್ಟು ಅವು ಬೆಳೆದು ಹೊರಡುವವರೆಗೆ ಸದ್ದು ಸಹಿಸಿಕೊಳ್ಳಿ, ತಾಯಿ ಹೊರಗುಳಿದರೆ ಮರಿಗಳು ಹಸಿವಿನಿಂದ ಸಾಯುತ್ತವೆ. ಸೂರಿಗೆ ತಾಗುವ ಸೀಬೆ ಕೊಂಬೆಯನ್ನೂ ಕತ್ತರಿಸಿ.